ಶೈಲಜಾ ತಾನೇ ತೆಗೆದುಕೊಂಡ ಚಿತ್ರಗಳು

ಹೋದ ತಿಂಗಳು ತರಬೇತಿಯೊಂದಕ್ಕೆ ವಿಶಾಖಪಟ್ಟಣಕ್ಕೆ ಹೋಗಿದ್ದೆ. ಮಧ್ಯಾಹ್ನ ಬಿಡುವು ಸಿಕ್ಕಾಗ, ಹಿಂದೆ ಒಂದು ವರ್ಷ ಕೆಲಸ ಮಾಡಿದ ಆಸ್ಪತ್ರೆಯನ್ನು ನೋಡಿ ಬರೋಣವೆನ್ನಿಸಿತು. ಸುಟ್ಟಗಾಯಗಳ ವಾರ್ಡು ಈಗ ಹೊಸ ಕಟ್ಟಡಕ್ಕೆ ಹೋಗಿದೆ. ಹಳೆಯ ವಾರ್ಡಿನ ಕೊನೆಯ ಕೋಣೆಯಲ್ಲಿ ಮುರಿದ ಗಾಲಿಕುರ್ಚಿಗಳನ್ನು ಒಟ್ಟಿದ್ದರು. ಬಾಗಿಲು ತೆರೆದದ್ದೇ ಕೊಬ್ಬರಿ ಎಣ್ಣೆಯ ವಾಸನೆ ಬಂತು. ಇಷ್ಟು ವರ್ಷದ ಮೇಲೂ ಅದು ಆ ಗೋಡೆಗಳಲ್ಲಿ ಉಳಿದಿತ್ತೋ, ನನ್ನ ಮೂಗಿನಲ್ಲೇ ಉಳಿದಿತ್ತೋ ಗೊತ್ತಿಲ್ಲ. ಮಾಯ್ದ ಗಾಯದ ಚರ್ಮ ಗಡುಸಾಗದಿರಲೆಂದು ದಿನಾ ಆ ಎಣ್ಣೆ ಹಚ್ಚಿ ತಿಕ್ಕುತ್ತಿದ್ದೆವು. ಕುರ್ಚಿಗಳ ಹಿಂದಿನ ಗೋಡೆಗೆ ಬಳಿದಿದ್ದ ಬೂದು ಬಣ್ಣ ಹಾಗೇ ಇತ್ತು. ರೋಗಿಗಳ ಫೋಟೊ ತೆಗೆಯಲು ಹಿನ್ನೆಲೆ ಬೇಕೆಂದು ಬಳಿಸಿದ ಬಣ್ಣ ಅದು. ಆ ಗೋಡೆಗೆ ಬೆನ್ನು ಮಾಡಿ ಬಹಳ ಮಂದಿ ಕೂತಿದ್ದಾರೆ. ನನಗೆ ಕಂಡವಳು ಮಾತ್ರ ಶೈಲಜಾ.

ನಾನು ಗದಗಿನವಳು. ಒಂದು ವರ್ಷದ ಒಪ್ಪಂದದ ಮೇಲೆ ಫಿಸಿಯೋಥೆರಪಿಸ್ಟ್ ಆಗಿ ಆ ಆಸ್ಪತ್ರೆ ಸೇರಿದ್ದೆ. ದ್ವಾರಕಾ ನಗರದಲ್ಲಿ ಒಂದು ಬ್ಯಾಂಕಿನ ಮೇಲಿನ ಮಹಡಿಯಲ್ಲಿ ಬಾಡಿಗೆ ಕೋಣೆ, ಕೆಳಗೆ ಬೀದಿ ತುಂಬ ಅಂಗಡಿ, ಹೋಟೆಲು. ನನ್ನ ತೆಲುಗು "ಚೆಯ್ಯಿ ಎತ್ತಂಡಿ, ಮೆಲ್ಲಗಾ" (ಕೈ ಎತ್ತಿ, ಮೆಲ್ಲಗೆ) ಎನ್ನುವಲ್ಲಿಗೆ ಮುಗಿಯುತ್ತಿತ್ತು. ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಹೊಸ ರೋಗಿಯೊಬ್ಬಳ ಮೊಣಕೈಯನ್ನು ಹಾಗೆನ್ನುತ್ತಲೇ ಬಿಡಿಸಿ ಚಾಚಿಸುತ್ತಿದ್ದೆ. ಅವಳು ಹಲ್ಲು ಕಚ್ಚಿ, "ಅಯ್ಯೋ, ಸಾಕು ಬಿಡೇ" ಎಂದಳು.

ನನ್ನ ಕೈ ನಿಂತಿತು. "ನೀವು ಕನ್ನಡದವರೇನ್ರಿ?" ಎಂದೆ.

"ಮನೇಲಿ ಮಾತ್ರ," ಎಂದಳು.

ಅವಳೇ ಶೈಲಜಾ. ತಂದೆ ಬಳ್ಳಾರಿಯವರು, ಬ್ಯಾಂಕಿನ ಗುಮಾಸ್ತರು. ವರ್ಗವಾಗಿ ವಿಜಯವಾಡಕ್ಕೆ ಬಂದವರು ಅಲ್ಲೇ ನಿಂತು, ಅಲ್ಲೇ ತೀರಿಕೊಂಡಿದ್ದರು. ಅವಳು ಹುಟ್ಟಿದ್ದು, ಓದಿದ್ದು ಎಲ್ಲ ತೆಲುಗಿನಲ್ಲಿ. ಅವಳ ಕನ್ನಡ ಅಪ್ಪ ಅಮ್ಮನ ಜೊತೆ ಊಟ, ನಿದ್ದೆ, ಜಗಳ, ಮುದ್ದು ಇಷ್ಟಕ್ಕೇ ಬಳಕೆಯಾಗಿದ್ದ ಕನ್ನಡ. ನೋವು ತೋಡಿಕೊಳ್ಳಲು ಅಷ್ಟು ಸಾಕಾಗುತ್ತಿತ್ತು. ಮೊದಲು ನನ್ನನ್ನು ಮೇಡಂ ಎನ್ನುತ್ತಿದ್ದವಳು, ವಯಸ್ಸಿನಲ್ಲಿ ನನಗಿಂತ ಎರಡು ವರ್ಷ ದೊಡ್ಡವಳಾದರೂ, ಆಮೇಲೆ ಅಕ್ಕಾ ಎನ್ನತೊಡಗಿದಳು.

ಮದುವೆಯಾಗಿ ಅವಳು ವಿಶಾಖಪಟ್ಟಣದ ಹತ್ತಿರದ ಭೀಮುನಿಪಟ್ಟಣದಲ್ಲಿದ್ದಳು. ಗಂಡ ಮುರಳಿ ತೆಲುಗಿನವನು, ಬಂದರಿನ ಹತ್ತಿರ ಒಂದು ಕಚೇರಿಯಲ್ಲಿ ಕೆಲಸ. ಒಂದು ಬೆಳಿಗ್ಗೆ ಅವನು ಕೆಲಸಕ್ಕೆ ಹೋಗಿ, ನಾಲ್ಕು ವರ್ಷದ ಮಗಳು ಲಾಸ್ಯ ಶಿಶುವಿಹಾರಕ್ಕೆ ಹೋದ ಮೇಲೆ ಅಡುಗೆಮನೆಯಲ್ಲಿ ಗ್ಯಾಸ್ ಸೋರಿ ಬೆಂಕಿ ಹತ್ತಿತು. ಮುಖದ ಎಡಭಾಗ, ಕತ್ತು, ಎದೆ, ಎರಡೂ ಕೈ ಸುಟ್ಟವು. ಹೊಗೆ ಒಳಗೆ ಹೋಗಿ ಶ್ವಾಸಕೋಶಕ್ಕೂ ಪೆಟ್ಟಾಗಿತ್ತು. ಮಗುವನ್ನು ವಿಜಯವಾಡದಲ್ಲಿದ್ದ ಅಜ್ಜಿ ಅಂಬುಜಮ್ಮನವರ ಹತ್ತಿರ ಬಿಟ್ಟಿದ್ದರು.

ಪ್ರತಿ ರೋಗಿಯ ಫೋಟೊವನ್ನು ತಿಂಗಳಿಗೊಮ್ಮೆ ತೆಗೆಯುವ ಕೆಲಸವೂ ನನ್ನ ಪಾಲಿಗೆ ಬಂದಿತ್ತು. ಮುಖ ನೇರಕ್ಕೆ, ಎಡಕ್ಕೆ, ಬಲಕ್ಕೆ, ಗದ್ದ ಎತ್ತಿದಾಗ ಕತ್ತು. ಚರ್ಮ ಎಲ್ಲಿ ಎಳೆಯುತ್ತಿದೆ, ಮುಂದೆ ಎಲ್ಲಿ ಬಿಡಿಸಿ ಕಸಿ ಮಾಡಬೇಕು ಎಂದು ಡಾಕ್ಟರು ಆ ಫೋಟೊಗಳನ್ನು ಪಕ್ಕಪಕ್ಕ ಇಟ್ಟು ನೋಡುತ್ತಿದ್ದರು. ಶೈಲಜಾ ಮಾತ್ರ ನಾನು ಕ್ಯಾಮೆರಾ ಎತ್ತಿದ ಕೂಡಲೇ ಗೋಡೆಗೆ ಮುಖ ತಿರುಗಿಸಿಬಿಡುತ್ತಿದ್ದಳು. ಎರಡು ದಿನ ಹಾಗಾಯಿತು. ಮೂರನೆಯ ದಿನ ನಾನು ಕ್ಯಾಮೆರಾ ಕೆಳಗಿಟ್ಟು ಅವಳ ಪಕ್ಕ ಸುಮ್ಮನೆ ಕೂತೆ. ಆಗ ಹೇಳಿದಳು.

"ಆವತ್ತು ರೋಡಲ್ಲಿ ನನ್ನ ಕೂಡಿಸಿದ್ರು. ಆಂಬುಲೆನ್ಸ್ ಇನ್ನಾ ಬಂದಿರ್ಲಿಲ್ಲ. ಸುತ್ತ ಬರೀ ಫೋನು, ಅಕ್ಕಾ. ನೀರು ತಂದೋರು ಇಬ್ರೇ. ಒಬ್ಬ ಸರಿಯಾಗಿ ಕಾಣ್ಲಿ ಅಂತ ಈ ಕಡೆ ಬಂದು, ಬಗ್ಗಿ ತಗೊಂಡ. ಯಾರಾದ್ರೂ ಕ್ಯಾಮೆರಾ ಹಿಂದೆ ನಿಂತ್ರೆ ನಂಗೆ ಅವನೇ ಕಾಣ್ತಾನೆ."

ನನ್ನ ತಮ್ಮ ಗದಗಿನಲ್ಲಿ ಮದುವೆ ಫೋಟೊ ತೆಗೆಯುತ್ತಾನೆ. ಆ ಸಂಜೆ ಅವನಿಗೆ ಫೋನ್ ಮಾಡಿ, ಕ್ಯಾಮೆರಾದ ಹಿಂದೆ ಯಾರೂ ನಿಲ್ಲದೆ ಫೋಟೊ ತೆಗೆಯಲು ಬರುತ್ತದೆಯೇ ಎಂದು ಕೇಳಿದೆ. "ಬರತೈತಿ ಅಕ್ಕಾ," ಎಂದ. "ನಿಮ್ಮ ಆಸ್ಪತ್ರಿ ಕ್ಯಾಮೆರಾದಾಗ ವೈಫೈ ಇರತೈತಿ ನೋಡು. ಲ್ಯಾಪ್‌ಟಾಪಿಗೆ ಜೋಡಸು. ಕ್ಯಾಮೆರಾ ಏನ್ ನೋಡತೈತಿ ಅದು ಪರದೆ ಮ್ಯಾಲ ಬರತೈತಿ. ವೈರ್ ಬ್ಯಾಡ, ಹಿಂದ ಮಂದಿನೂ ಬ್ಯಾಡ. ಅಕಿನ ಕೂತು ಒತ್ಲಿ."

ಅಕಿನ ಕೂತು ಒತ್ಲಿ ಎಂದು ಅವನು ಸುಲಭವಾಗಿ ಹೇಳಿಬಿಟ್ಟ. ಆದರೆ ನಮ್ಮ ವಾರ್ಡಿನಲ್ಲಿ ಕನ್ನಡಿ ಇರಲಿಲ್ಲ. ಬೇಕೆಂದೇ ಇಟ್ಟಿರಲಿಲ್ಲ. ಬೆಂಕಿ ಹತ್ತಿದ ದಿನದಿಂದ ಶೈಲಜಾ ತನ್ನ ಮುಖ ಸರಿಯಾಗಿ ನೋಡಿಕೊಂಡಿರಲಿಲ್ಲ. ಪರದೆಯ ಮೇಲೆ ಅದು ಬಂದರೆ ಏನಾದೀತೆಂದು ಡಾಕ್ಟರಿಗೂ ಅನುಮಾನ. ಆಪ್ತಸಮಾಲೋಚಕಿಯ ಜೊತೆ ಮಾತಾಡಿ, "ಅವಳಾಗಿ ಕೇಳಿದರೆ ಮಾತ್ರ ಅವಳ ಕಡೆ ತಿರುಗಿಸಿ. ಅವಸರ ಮಾಡಬೇಡಿ" ಎಂದರು.

ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಿ, ಮೊದಲು ಕಿಟಕಿಯ ಮೇಲಿದ್ದ ನೀರಿನ ಜಗ್ಗಿನ ಕಡೆ ತಿರುಗಿಸಿದೆ. ಲ್ಯಾಪ್‌ಟಾಪನ್ನು ಅವಳ ಮಂಚದ ಮೇಜಿನ ಮೇಲಿಟ್ಟೆ. ಪರದೆಯಲ್ಲಿ ಜಗ್ಗು ಬಂತು. ಬೆರಳುಗಳು ಒಂದಕ್ಕೊಂದು ಅಂಟಿದಂತಾಗಿ ಫೋನು ಹಿಡಿಯಲು ಅವಳಿಗೆ ಆಗುತ್ತಿರಲಿಲ್ಲ. ಆದರೆ ಕೀಲಿಮಣೆಯ ಉದ್ದ ಕೀಲಿಯನ್ನು ಅಂಗೈಯ ಅಂಚಿನಿಂದ ಒತ್ತಬಹುದಿತ್ತು. ಒತ್ತಿದಳು. ಕೋಣೆಯ ಆ ತುದಿಯಲ್ಲಿ ಕ್ಯಾಮೆರಾ ತಾನಾಗಿ ಕಟಕ್ಕೆಂದಿತು. ಅವಳು ಬೆಚ್ಚಿದಳು, ಮತ್ತೆ ಒತ್ತಿದಳು.

"ಇದು ಎಲ್ಲಿಗೆ ಹೋಗ್ತದೆ?" ಎಂದಳು.

"ಎಲ್ಲಿಗೂ ಹೋಗೂದಿಲ್ಲ. ಈ ಲ್ಯಾಪ್‌ಟಾಪ್ ಈಗ ಕ್ಯಾಮೆರಾಕ್ಕ ಮಾತ್ರ ಜೋಡಸೈತಿ. ಇಂಟರ್‌ನೆಟ್ಟೂ ಇಲ್ಲ. ಅಲ್ಲಿಂದ ಇಲ್ಲಿಗೆ, ಅಷ್ಟ."

ಆ ಮಾತು ಅವಳಿಗೆ ಸಮಾಧಾನ ಕೊಟ್ಟಿತು. ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟರೆ ಕ್ಯಾಮೆರಾ ನಿದ್ದೆಹೋಗಿ ಪರದೆ ಕಪ್ಪಾಗುತ್ತಿತ್ತು. "ಪೋಯಿಂದಿ ಅಕ್ಕಾ," ಹೋಯಿತು ಎನ್ನುತ್ತಿದ್ದಳು. ನಾನು ಹೋಗಿ ಎಬ್ಬಿಸಿ ಮತ್ತೆ ಜೋಡಿಸುತ್ತಿದ್ದೆ. ಹೀಗೆ ಚಳಿಗಾಲ ಮುಗಿಯುವವರೆಗೆ ಅವಳು ಜಗ್ಗು, ಕಿಟಕಿ, ನನ್ನ ಚಪ್ಪಲಿ, ಕಸ ಗುಡಿಸುವ ಅಪ್ಪಲಮ್ಮನ ಬೆನ್ನು ಎಲ್ಲ ತೆಗೆದಳು. ಆಮೇಲೆ ಸುಡದೆ ಉಳಿದಿದ್ದ ತನ್ನ ಪಾದಗಳನ್ನು ತೆಗೆದಳು, ಕೈಗಳನ್ನು ತೆಗೆದಳು. ಬಿಸಿಲು ಏರತೊಡಗಿದ ಒಂದು ಮಧ್ಯಾಹ್ನ, "ಈ ಕಡೆ ತಿರುಗಿಸಿ ನೀನು ಹೊರಗೆ ಹೋಗು," ಎಂದಳು.

ತಿರುಗಿಸಿದೆ. ಪರದೆ ಅವಳ ಕಡೆಗಿದ್ದುದರಿಂದ ನನಗೆ ಕಾಣುತ್ತಿರಲಿಲ್ಲ. ಬಾಗಿಲು ಮುಂದೆ ಮಾಡಿಕೊಂಡು ಹೊರಗೆ ನಿಂತೆ. ಆಪ್ತಸಮಾಲೋಚಕಿಯೂ ಬಂದು ನನ್ನ ಪಕ್ಕ ನಿಂತರು. ಒಳಗಿನಿಂದ ಅಳು ಬರಬಹುದು, ಏನಾದರೂ ಬೀಳಬಹುದು ಎಂದು ಕಾದೆವು. ಏನೂ ಇಲ್ಲ. ಬಹಳ ಹೊತ್ತಿನ ಮೇಲೆ ಒಂದು ಸಲ ಕಟಕ್ಕೆಂದು ಕೇಳಿಸಿತು. ಆಮೇಲೆ, "ಬಾ ಅಕ್ಕಾ," ಎಂದಳು.

ಕಣ್ಣು ತುಂಬಿತ್ತು. ಆದರೆ ಅವಳು ಪರದೆಯಿಂದ ಕಣ್ಣು ತೆಗೆದಿರಲಿಲ್ಲ. "ಮೂಗು ಹಂಗೇ ಐತೆ," ಎಂದಳು. "ನಮ್ಮಪ್ಪನ ಮೂಗು. ಅದೊಂದು ಉಳಿದೈತೆ."

ಎಡಗಿವಿಯಿಂದ ಬಾಯಿಯ ಅಂಚಿನವರೆಗೆ ಚರ್ಮ ಹಗ್ಗದ ಹಾಗೆ ಬಿಗಿದು, ತುಟಿಯನ್ನು ಕಿವಿಯ ಕಡೆಗೆ ಎಳೆದಿತ್ತು. ಅದರ ಬಗ್ಗೆ ಅವಳು ಆ ದಿನ ಏನೂ ಹೇಳಲಿಲ್ಲ. ಡಾಕ್ಟರಿಗೆ ಬೇಕಾದ ನಾಲ್ಕು ಫೋಟೊಗಳನ್ನು ಮರುದಿನ ಅವಳೇ ತೆಗೆದುಕೊಟ್ಟಳು.

ಭಾನುವಾರ ಮುರಳಿ ಬರುತ್ತಿದ್ದ. ಆ ಬೇಸಿಗೆ ತುಂಬ ತಾಟಿ ಮುಂಜಲು ತರುತ್ತಿದ್ದ, ನಮ್ಮ ಕಡೆ ತಾಟಿನಿಂಗು ಎನ್ನುತ್ತಾರಲ್ಲ, ಅದು. ಸಿಪ್ಪೆ ತೆಗೆದು, ಚಮಚದಲ್ಲಿ ಚೂರು ಮಾಡಿ, ಅವಳ ಬಾಯಿಗೆ ಇಡುತ್ತಿದ್ದ. ತಪ್ಪದೆ ಬಂದ, ಒಂದು ಕಟು ಮಾತಾಡಿದ್ದನ್ನೂ ನಾನು ಕೇಳಲಿಲ್ಲ. ಅವನು ಹೋದ ಮೇಲೆ ಒಮ್ಮೆ ಶೈಲಜಾ ಹೇಳಿದಳು: "ಅವರು ಇನ್ನಾ ನನ್ನ ಮುಖ ನೋಡಿಲ್ಲ ಅಕ್ಕಾ. ಚಮಚಾನೇ ನೋಡ್ತಾರೆ. ಅವರಿಗೆ ಆಗಲ್ಲ. ಪರ್ವಾಲೇದು."

ಆದರೆ ಮಗಳ ವಿಷಯದಲ್ಲಿ ಪರವಾಗಿಲ್ಲ ಎನ್ನಲು ಅವಳಿಗಾಗಲಿಲ್ಲ. ಮೊದಮೊದಲು ಮುಖದ ಪಟ್ಟಿ ಬಿಚ್ಚಿದ ಹೊಸತರಲ್ಲಿ ಒಂದು ಸಲ ವಿಡಿಯೋ ಕಾಲ್ ಮಾಡಿದ್ದರಂತೆ. ಲಾಸ್ಯ ಕಿರುಚಿ ಅಜ್ಜಿಯ ಸೆರಗಿನೊಳಗೆ ಹೊಕ್ಕುಬಿಟ್ಟಿತ್ತು. ಅಂದಿನಿಂದ ಬರೀ ಮಾತು. ಮಗು ದನಿಗೆ ಉತ್ತರ ಕೊಡುತ್ತಿತ್ತು, ಆದರೆ ಅಮ್ಮ ಯಾವಾಗ ಬರುತ್ತಾಳೆ ಎಂದು ಕೇಳುವುದನ್ನು ಬಿಟ್ಟಿತ್ತು.

"ವಿಡಿಯೋದಲ್ಲಿ ಎಲ್ಲಾ ಒಂದೇ ಸಲ ಬಂದುಬಿಡ್ತದೆ ಅಕ್ಕಾ," ಎಂದಳು ಶೈಲಜಾ. "ಇದ್ರಲ್ಲಿ ನಾನು ಹೇಳಿದಷ್ಟೇ ಬರ್ತದೆ. ಸ್ವಲ್ಪ ಸ್ವಲ್ಪ ತೋರಿಸ್ತೀನಿ. ದಸರಾಕ್ಕೆ ಹೋಗೋ ಹೊತ್ತಿಗೆ ಪಾಪಾಗೆ ಪೂರ್ತಿ ಪರಿಚಯ ಆಗಿರ್ತದೆ."

ಹಾಗೆ ಶುರುವಾಯಿತು. ಮೊದಲು ಕಾಲುಂಗುರ ಹಾಕಿದ ಪಾದಗಳ ಚಿತ್ರ. ಅವಳು ಆರಿಸಿದ್ದನ್ನು ನಾನು ಅಂಬುಜಮ್ಮನವರ ಫೋನಿಗೆ ಕಳಿಸಿದೆ. ಮಗು ತಕ್ಷಣ ಗುರುತು ಹಿಡಿಯಿತು. ಆಮೇಲೆ, ಗಾಯದ ಚರ್ಮ ಉಬ್ಬದಿರಲೆಂದು ತೊಡಿಸುವ ಬಿಗಿ ಕೈಗವಸು ಹಾಕಿದ ಕೈ. ನಂತರ ಕೈಗವಸು ಇಲ್ಲದ ಕೈ. ಇದನ್ನು ಕಳಿಸಿದ ದಿನ ಅಂಬುಜಮ್ಮ ಫೋನ್ ಮಾಡಿದರು.

"ಯಾಕೆ ಇದೆಲ್ಲಾ ತೋರಿಸ್ತಿ, ಶೈಲೂ? ಮಗು ಹೆದರ್ಕೊಂತದೆ. ಹಳೇ ಮುಖಾನೇ ಅದರ ನೆನಪಲ್ಲಿ ಇರ್ಲಿ ಬಿಡು."

"ಹಳೇದು ನನ್ನ ಹತ್ರ ಇಲ್ಲಮ್ಮಾ," ಎಂದಳು ಶೈಲಜಾ. "ದಸರಾಕ್ಕೆ ಬಂದಾಗ ಯಾವ ಮುಖ ಹಾಕ್ಕೊಂಡು ಬರ್ಲಿ?"

ಫೋನು ಹಾಸಿಗೆಯ ಮೇಲೆ ಸ್ಪೀಕರಿನಲ್ಲಿತ್ತು. ನಾನು ಅವಳ ಹೆಗಲಿಗೆ ಎಣ್ಣೆ ತಿಕ್ಕುತ್ತ ತಲೆ ತಗ್ಗಿಸಿದ್ದೆ. ಕೊನೆಗೆ ಅಂಬುಜಮ್ಮ, "ಇನ್ನೊಂದು ಯಾವಾಗ ಬರ್ತದೆ ಅಂತ ಕೇಳ್ತಾಳೆ," ಎಂದು ಹೇಳಿ ಫೋನಿಟ್ಟರು.

ವೈಶಾಖದ ಬಿಸಿಲು ಆ ವರ್ಷ ಕೆಟ್ಟದಾಗಿತ್ತು. ಸಮುದ್ರದ ಗಾಳಿ ಅಂಟಂಟಾಗಿ ಬೀಸುತ್ತಿತ್ತು. ಬಿಗಿ ಬಟ್ಟೆಯೊಳಗೆ ಬೆವರಲಾಗದ ಚರ್ಮ ಉರಿದು ಅವಳು ರೇಗುತ್ತಿದ್ದಳು, ವ್ಯಾಯಾಮಕ್ಕೆ ಕೈ ಕೊಡದೆ ನನ್ನನ್ನು ಬೈಯುತ್ತಿದ್ದಳು. ಫೋಟೊದ ಹೊತ್ತಿಗೆ ಮಾತ್ರ ಸುಮ್ಮನಾಗುತ್ತಿದ್ದಳು. ಬಲಗಿವಿ. ಎಡಗಿವಿಯಲ್ಲಿ ಉಳಿದಷ್ಟು. ಕಣ್ಣುಗಳು ಮಾತ್ರ. ಹಣೆ, ಮೂಗು. ಒಂದೊಂದಕ್ಕೂ ಹತ್ತಾರು ಸಲ ಕೂತು, ಪರದೆ ನೋಡಿ, ಬೆಳಕು ಸರಿಯಿಲ್ಲವೆಂದು ನನ್ನಿಂದ ಪರದೆಬಟ್ಟೆ ಸರಿಸಿಸಿ, ಒಂದನ್ನು ಆರಿಸುತ್ತಿದ್ದಳು. ಚಿತ್ರ ತಲುಪಿದ ಸಂಜೆ ಮಗಳಿಗೆ ಫೋನ್ ಮಾಡಿ, ಅದರಲ್ಲಿ ಏನಿದೆ, ಅಲ್ಲಿ ಏನಾಯಿತು, ಈಗ ನೋವು ಇದೆಯೋ ಇಲ್ಲವೋ ಎಲ್ಲವನ್ನೂ ತೆಲುಗಿನಲ್ಲಿ ಕತೆಯ ಹಾಗೆ ಹೇಳುತ್ತಿದ್ದಳು. ಮಗು ಪ್ರಶ್ನೆ ಕೇಳುತ್ತಿತ್ತು. ಎಳೆದ ತುಟಿಯ ಚಿತ್ರ ಕಳಿಸಿದ ದಿನ ಮಾತ್ರ ಮಗು ಫೋನಿಗೆ ಬರಲಿಲ್ಲ. ಮರುದಿನವೂ ಬರಲಿಲ್ಲ. ಶೈಲಜಾ ಊಟ ಬಿಟ್ಟಳು. ಮೂರನೆಯ ದಿನ ಲಾಸ್ಯ ಫೋನಿಗೆ ಬಂದು, ಆ ಬಾಯಲ್ಲಿ ಅನ್ನ ತಿನ್ನಲು ಆಗುತ್ತದೆಯೇ ಎಂದು ಕೇಳಿತಂತೆ.

"ಆಗ್ತದೆ ಅಂದೆ," ಎಂದಳು ಶೈಲಜಾ. "ಸ್ವಲ್ಪ ಚೆಲ್ತದೆ ಅಂದೆ. ತಾನೂ ಚೆಲ್ತೀನಿ ಅಂದಳು." ಅವಳು ನಕ್ಕದ್ದನ್ನು ನಾನು ಮೊದಲ ಸಲ ನೋಡಿದ್ದು ಆ ದಿನ. ನಕ್ಕರೆ ಚರ್ಮ ಎಳೆಯುತ್ತಿತ್ತು, ಆದರೂ ನಕ್ಕಳು.

ಪೂರ್ತಿ ಮುಖದ ಚಿತ್ರಕ್ಕೆ ಒಂದು ತೊಡಕು ಬಂತು. ಎಲ್ಲದರಲ್ಲೂ ಅವಳು ಲ್ಯಾಪ್‌ಟಾಪ್ ನೋಡುತ್ತಿರುವುದರಿಂದ ಕಣ್ಣು ಕೆಳಗಿರುತ್ತಿತ್ತು. ಮಗಳ ಕಡೆ ನೋಡಿದ ಹಾಗೆ ಇಲ್ಲ ಎಂದಳು. ಕೀಲಿ ಒತ್ತಿದ ಮೇಲೆ ಸ್ವಲ್ಪ ತಡೆದು ಫೋಟೊ ತೆಗೆಯುವಂತೆ ಕ್ಯಾಮೆರಾವನ್ನು ಹೊಂದಿಸಿಕೊಟ್ಟೆ. ಒತ್ತಿ, ತಲೆ ಎತ್ತಿ, ಅವಳು ನೇರ ಲೆನ್ಸಿನೊಳಗೆ ನೋಡಿದಳು. ಯಾರೂ ಹಿಂದೆ ನಿಂತಿರದ ಆ ಗಾಜಿನೊಳಗೆ ಅವಳು ಮಗಳನ್ನೇ ನೋಡಿರಬೇಕು. ಮಳೆಗಾಲದ ಮೊದಲ ಮೋಡಗಳ ದಿನ ಅದು, ಕೋಣೆಯಲ್ಲಿ ಮೆತ್ತನೆಯ ಬೆಳಕಿತ್ತು. ಒಂದೇ ಸಲಕ್ಕೆ ಸರಿಯಾಯಿತು. ಆ ಚಿತ್ರವನ್ನು ಲಾಸ್ಯ ಅಜ್ಜಿಯ ಫೋನಿನ ಮುಖಪರದೆಗೇ ಹಾಕಿಸಿಕೊಂಡಳು.

ಶ್ರಾವಣದಲ್ಲಿ ಕತ್ತಿನ ಚರ್ಮ ಬಿಡಿಸಿ ಕಸಿ ಮಾಡಿದರು. ಚೆನ್ನಾಗಿಯೇ ಆಯಿತು. ಗದ್ದ ಎತ್ತಿ ಫ್ಯಾನು ನೋಡುವಷ್ಟಾದಳು. ದಸರಾಕ್ಕೆ ವಿಜಯವಾಡಕ್ಕೆ ಹೋಗುವುದು, ನಾನೂ ಜೊತೆಗೆ ಹೋಗುವುದು ಎಂದು ಮಾತಾಗಿತ್ತು. ಭಾದ್ರಪದದಲ್ಲಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು ವಾರವಿಡೀ ಮಳೆ ಹಿಡಿಯಿತು. ಊರೆಲ್ಲ ಕೆಮ್ಮು, ಜ್ವರ. ಶೈಲಜಾಗೂ ಬಂತು. ಬೇರೆಯವರಿಗೆ ನಾಲ್ಕು ದಿನಕ್ಕೆ ಬಿಟ್ಟುಹೋದದ್ದು ಅವಳ ಹೊಗೆ ಕುಡಿದ ಶ್ವಾಸಕೋಶದಲ್ಲಿ ಕೂತುಬಿಟ್ಟಿತು.

ಕಫ ಸಡಿಲಾಗಲೆಂದು ಅಂಗೈ ಬಟ್ಟಲು ಮಾಡಿ ಬೆನ್ನು ತಟ್ಟುವುದು ನಮ್ಮ ಕೆಲಸ. ದಿನಕ್ಕೆ ಮೂರು ಹೊತ್ತು ತಟ್ಟುತ್ತಿದ್ದೆ. ಒಂದು ಸಂಜೆ, ಮುಖಕ್ಕೆ ಹಾಕಿದ ಆಮ್ಲಜನಕದ ಮುಖವಾಡ ಸ್ವಲ್ಪ ಸರಿಸಿ, "ಅಮ್ಮ ಹಿಂಗೇ ತಟ್ಟಿ ಮಲಗಿಸ್ತಿದ್ಲು," ಎಂದಳು. ಉಸಿರು ಕೂಡಿಸಿಕೊಂಡು, "ನೀನು ಜೋರಾಗಿ ತಟ್ತಿ," ಎಂದಳು. ಮರುದಿನ ಐಸಿಯುಗೆ ಒಯ್ದರು. ಅಂಬುಜಮ್ಮ ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟು ಓಡಿಬಂದರು. ಆಮೇಲಿನ ಒಂದು ಬೆಳಿಗ್ಗೆ ನಾನು ಕೆಲಸಕ್ಕೆ ಬಂದಾಗ, ಅವರು ಮೆಟ್ಟಿಲ ಹತ್ತಿರ ಗೋಡೆ ಹಿಡಿದು ನಿಂತಿದ್ದರು. ನನ್ನನ್ನು ಕಂಡು, "ಹೋದಳಮ್ಮಾ," ಎಂದರು, ಪೇಟೆಗೆ ಹೋದಳು ಎನ್ನುವಷ್ಟು ಮೆಲ್ಲಗೆ. ಮುರಳಿ ಬೆಂಚಿನ ಮೇಲೆ ಕೂತು ಎರಡೂ ಕೈಯಲ್ಲಿ ಅವಳ ಚಪ್ಪಲಿ ಹಿಡಿದುಕೊಂಡಿದ್ದ.

ಹದಿಮೂರನೆಯ ದಿನಕ್ಕೆ ನಾನು ವಿಜಯವಾಡಕ್ಕೆ ಹೋದೆ. ಒನ್ ಟೌನ್ ಎಂಬ ಹಳೆಯ ಪೇಟೆಯ ಹಿಂದಿನ ಓಣಿಯಲ್ಲಿ ಅಂಬುಜಮ್ಮನವರ ಮನೆ; ಮಗು ಅಲ್ಲಿದ್ದುದರಿಂದ ಕಾರ್ಯವೂ ಅಲ್ಲೇ. ಸಗಟು ಅಂಗಡಿಗಳ ಮೆಣಸಿನಕಾಯಿ ಘಾಟು ಒಳಗಿನವರೆಗೂ ಬರುತ್ತಿತ್ತು. ನಡುಮನೆಯ ಕುರ್ಚಿಯ ಮೇಲೆ ದೊಡ್ಡದು ಮಾಡಿಸಿದ ಶೈಲಜಾಳ ಮದುವೆಯ ಫೋಟೊ, ಅದಕ್ಕೆ ಮಲ್ಲಿಗೆ ಹಾರ, ಮುಂದೆ ದೀಪ. ನುಣ್ಣನೆಯ ಕೆನ್ನೆ, ಬಾಸಿಂಗ, ತುಂಬು ನಗು. ನಾನು ಆ ಮುಖವನ್ನು ಕಂಡದ್ದೇ ಅಂದು. ಬಂದವರೆಲ್ಲ ಅದನ್ನು ನೋಡಿ, ಎಂಥ ಕಳೆ ಇತ್ತು ಎಂದು ಕಣ್ಣೊರೆಸಿಕೊಳ್ಳುತ್ತಿದ್ದರು.

ಲಾಸ್ಯಳನ್ನು ನಾನು ಎದುರಿಗೆ ಕಂಡದ್ದೂ ಅಂದೇ. ಹೊಸ ಲಂಗ ಹಾಕಿಕೊಂಡು ಅಜ್ಜಿಯ ಕೈ ಹಿಡಿದಿದ್ದಳು. ಅಜ್ಜಿ ಹೂ ಹಾಕು ಎಂದಾಗ, ಹೂ ಹಿಡಿದು ಫೋಟೊದ ಮುಂದೆ ನಿಂತು ಬಹಳ ಹೊತ್ತು ನೋಡಿದಳು.

"ಈವಿಡ ಎವರು, ಅಮ್ಮಮ್ಮಾ?" ಎಂದಳು. ಇವರು ಯಾರು ಎಂದು.

"ಅಮ್ಮ," ಎಂದರು ಅಂಬುಜಮ್ಮ.

"ಅಮ್ಮ ಕಾದು," ಎಂದಳು ಲಾಸ್ಯ. ಅಮ್ಮ ಅಲ್ಲ. ಗೊತ್ತಿಲ್ಲದವರಿಗೆ ತಿಳಿಸಿ ಹೇಳುವ ಹಾಗೆ, ತೋರುಬೆರಳಿನಿಂದ ತನ್ನ ಎಡಗಿವಿಯಿಂದ ಬಾಯಿಯ ಅಂಚಿನವರೆಗೆ ಗೆರೆ ಎಳೆದು, "ಅಮ್ಮಕಿ ಇಕ್ಕಡ ಇಲಾ ಉಂಟುಂದಿ," ಎಂದಳು. ಅಮ್ಮನಿಗೆ ಇಲ್ಲಿ ಹೀಗಿರುತ್ತದೆ.

ಯಾರೋ ಹಿರಿಯರು, ಮಗುವಿಗೆ ತಿಳಿಯುವುದಿಲ್ಲ, ಒಳಗೆ ಕರೆದುಕೊಂಡು ಹೋಗಿ ಎಂದರು. ಮುರಳಿ ಎದ್ದು ನನ್ನ ಹತ್ತಿರ ಬಂದ. "ಅವಳು ತೆಗೆದುಕೊಂಡಿದ್ದಳಲ್ಲ, ಅವು ನಿಮ್ಮ ಹತ್ತಿರ ಇವೆಯಾ?" ಎಂದು ತೆಲುಗಿನಲ್ಲಿ ಕೇಳಿದ. ಮನೆಗೆ ಕಳಿಸಲು ಶೈಲಜಾ ಆರಿಸಿದ್ದ ಚಿತ್ರಗಳು ನನ್ನ ಫೋನಿನಲ್ಲಿದ್ದವು. ತೆಗೆದುಕೊಟ್ಟೆ.

ಅವನು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ. ಫೋನು ಕೈಯಲ್ಲಿತ್ತು, ಆದರೆ ನೋಟ ಓಣಿಯ ಕಡೆಗಿತ್ತು. ಲಾಸ್ಯ ಅಜ್ಜಿಯ ಕೈ ಬಿಡಿಸಿಕೊಂಡು ಹೋಗಿ ಅವನ ಪಕ್ಕ ಕೂತಳು. ಬಾಗಿಲಲ್ಲಿ ನಿಂತ ನನಗೆ ಇಬ್ಬರ ಬೆನ್ನು ಕಾಣುತ್ತಿತ್ತು. ಮಗು ಬೆರಳಿನಿಂದ ಚಿತ್ರ ಸರಿಸುತ್ತ, ಒಂದೊಂದನ್ನೂ ಅಪ್ಪನಿಗೆ ಹೇಳಿಕೊಡುತ್ತಿತ್ತು. ಇದು ಕಾಲು. ಇದು ಕೈ. ಇದು ಕಿವಿ, ಇಷ್ಟೇ ಇದೆ, ಆದರೂ ಕೇಳಿಸುತ್ತದೆ. ಇದು ಬಾಯಿ. ಅಲ್ಲಿಗೆ ಬಂದಾಗ ಅವನ ಹೆಗಲು ಅಲುಗತೊಡಗಿದವು. ಲಾಸ್ಯ ತಲೆ ಎತ್ತಿ ಅವನ ಮುಖ ನೋಡಿ, ಅವನ ಮೊಣಕಾಲ ಮೇಲೆ ಕೈಯಿಟ್ಟಳು.

"ಭಯಪಡಕು ನಾನ್ನಾ," ಎಂದಳು. "ಅಮ್ಮೇ."

ಹೆದರಬೇಡ ಅಪ್ಪಾ, ಅಮ್ಮನೇ.

ಅವನು ಕೊನೆಯ ಚಿತ್ರವನ್ನು, ಅವಳು ನೇರ ನೋಡುತ್ತಿದ್ದುದನ್ನು, ಎರಡು ಬೆರಳಿನಿಂದ ದೊಡ್ಡದು ಮಾಡಿ ನೋಡಿದ. ಎಷ್ಟು ಹೊತ್ತು ನೋಡಿದನೋ. ಆಮೇಲೆ ಕಣ್ಣೊರೆಸಿಕೊಂಡು ಎದ್ದು, ಅದನ್ನು ತನ್ನ ಫೋನಿಗೆ ಹಾಕಿಸಿಕೊಂಡು, ಪ್ರಿಂಟು ಹಾಕಿಸಿ ಬರುತ್ತೇನೆಂದು ಪೇಟೆಯ ಕಡೆ ಹೊರಟ. ಮಗುವೂ ಅವನ ಬೆರಳು ಹಿಡಿದು ಹೋಯಿತು. ಊಟದ ಹೊತ್ತಾಯಿತು, ಎಲೆ ಹಾಕಲೇ ಎಂದು ಅಡುಗೆಯವರು ಬಂದು ಕೇಳಿದರು. ಅಂಬುಜಮ್ಮ ಮದುವೆಯ ಫೋಟೊದ ಹಾರವನ್ನು ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು.

"ಅವರು ಬರ್ಲಿ," ಎಂದರು.